ಗಾಳಿ ಸುರಂಗದಿಂದ ಸಂಜೆಯ ತರಗತಿಗೆ

ನೀವು ಶಿಕ್ಷಕರಾಗಿದ್ದರೆ ಸೇವಾನಿರತ ತರಬೇತಿಯ ಸುತ್ತೋಲೆ ನಿಮಗೆ ಹೊಸದಲ್ಲ. ವಿಜ್ಞಾನದ ವಿದ್ಯಾರ್ಥಿಯಾಗಿದ್ದರೆ, ನಾಳೆ ಕಾರ್ಖಾನೆಗೋ ಪ್ರಯೋಗಾಲಯಕ್ಕೋ ಕೆಲಸಕ್ಕೆ ಸೇರಿದ ಮೇಲೆ ಅಂಥದೊಂದು ಸುತ್ತೋಲೆ ನಿಮಗೂ ಬರುತ್ತದೆ. ಆಗ ಸಾಮಾನ್ಯವಾಗಿ ನಡೆಯುವುದೇನು? ಕೆಲವರಿಗೆ ಅದು ದಿನನಿತ್ಯದ ಕೆಲಸದಿಂದ ಸಿಕ್ಕ ಬಿಡುವು. ಕೆಲವರಿಗೆ ತಪ್ಪಿಸಿಕೊಳ್ಳಲಾಗದ ಕಿರಿಕಿರಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಕೊನೆಯ ದಿನ ಪ್ರಮಾಣಪತ್ರ ತೆಗೆದುಕೊಂಡು ಬಂದರೆ ಮುಗಿಯಿತು. ಪತ್ರ ಕಡತ ಸೇರುತ್ತದೆ. ಕೆಲಸ ಮಾಡುವ ರೀತಿ ಮಾತ್ರ ಮೊದಲಿನಂತೆಯೇ ಉಳಿಯುತ್ತದೆ.

ಇಂಥದೇ ಒಂದು ತರಬೇತಿಗೆ ಸೇರಲು, ಅದು ನಡೆಯುತ್ತಿದ್ದ ಶಾಲಾ ಕಟ್ಟಡದೊಳಕ್ಕೆ ಕಾಲಿಡಲು, ನಗರಾಡಳಿತದ ವಿಶೇಷ ಅಪ್ಪಣೆ ಪಡೆಯಬೇಕಾಗಿ ಬಂದವರೊಬ್ಬರಿದ್ದರು. ಅವರಿಗಿದ್ದ ಅಡ್ಡಿ ಅಂಕಗಳದ್ದಲ್ಲ, ಅರ್ಹತೆಯದ್ದೂ ಅಲ್ಲ. ಅವರ ಮೈಬಣ್ಣ ಕಪ್ಪು. ಆ ಶಾಲೆ ಬಿಳಿಯರಿಗೆ ಮೀಸಲು. ಅವರ ಹೆಸರು ಮೇರಿ ಜಾಕ್ಸನ್. ಉದ್ಯೋಗದಲ್ಲಿದ್ದುಕೊಂಡೇ ಕಲಿಯುವ ಅವಕಾಶವೊಂದು ಒಬ್ಬ ವ್ಯಕ್ತಿಗೆ ಏನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ಅರಿಯಲು ಅವರ ಬದುಕಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಕಂಪ್ಯೂಟರ್ ಎಂಬ ಹುದ್ದೆ

ಕಥೆ ನಡೆಯುವುದು ಅಮೆರಿಕದ ವರ್ಜೀನಿಯ ರಾಜ್ಯದ ಹ್ಯಾಂಪ್ಟನ್ ಎಂಬ ಕಡಲತಡಿಯ ಊರಿನಲ್ಲಿ. ವಿಮಾನ ವಿಜ್ಞಾನದ ಸಂಶೋಧನೆಗಾಗಿ ಅಮೆರಿಕ ಸರ್ಕಾರ 1915ರಲ್ಲಿ ಒಂದು ರಾಷ್ಟ್ರೀಯ ಸಲಹಾ ಸಮಿತಿಯನ್ನು ನೇಮಿಸಿತು. ಎನ್‌ಎಸಿಎ ಎಂದು ಹೆಸರಾದ ಈ ಸಂಸ್ಥೆಯೇ 1958ರಲ್ಲಿ ನಾಸಾ ಆಗಿ ಮಾರ್ಪಟ್ಟದ್ದು. ಅದರ ಮೊದಲ ಪ್ರಯೋಗಾಲಯ ‘ಲ್ಯಾಂಗ್ಲಿ’ 1917ರಲ್ಲಿ ಹ್ಯಾಂಪ್ಟನ್ನಿನಲ್ಲಿ ಸ್ಥಾಪನೆಯಾಯಿತು.

ಅಲ್ಲಿ ವಿಮಾನದ ಮಾದರಿಗಳನ್ನು ಗಾಳಿ ಸುರಂಗಗಳಲ್ಲಿಟ್ಟು ಪರೀಕ್ಷಿಸುತ್ತಿದ್ದರು. ಪ್ರತಿ ಪರೀಕ್ಷೆಯಿಂದಲೂ ಒತ್ತಡ, ವೇಗ, ಉಷ್ಣತೆಗಳ ನೂರಾರು ಅಳತೆಗಳು ಹೊರಬರುತ್ತಿದ್ದವು. ಆ ಅಂಕಿಗಳನ್ನು ಸೂತ್ರಗಳಿಗೆ ಹಾಕಿ, ಕೋಷ್ಟಕ ತುಂಬಿ, ನಕ್ಷೆ ಎಳೆಯಬೇಕು. ಇಂದು ಇದನ್ನೆಲ್ಲ ಯಂತ್ರ ಮಾಡುತ್ತದೆ. ಅಂದು ಮನುಷ್ಯರೇ ಮಾಡುತ್ತಿದ್ದರು, ಅವರ ಹುದ್ದೆಯ ಹೆಸರೇ ‘ಕಂಪ್ಯೂಟರ್’! 1935ರಲ್ಲಿ ಲ್ಯಾಂಗ್ಲಿ ಈ ಕೆಲಸಕ್ಕೆಂದು ಐವರು ಮಹಿಳೆಯರ ತಂಡವೊಂದನ್ನು ನೇಮಿಸಿಕೊಂಡಿತು. ಲೆಕ್ಕದ ಹೊರೆ ಇಳಿದದ್ದರಿಂದ ಎಂಜಿನಿಯರುಗಳಿಗೆ ಸಂಶೋಧನೆಗೆ ಹೆಚ್ಚು ಸಮಯ ಸಿಕ್ಕಿತು. ತಂಡ ಬೆಳೆಯುತ್ತ ಹೋಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಗಣಿತದಲ್ಲಿ ಪದವಿ ಪಡೆದ ಗಂಡಸು ಕೆಲಸಕ್ಕೆ ಬಂದರೆ ಆತನನ್ನು ವೃತ್ತಿಪರ ಶ್ರೇಣಿಗೆ ಸೇರಿಸುತ್ತಿದ್ದರು. ಅದೇ ಪದವಿ ಪಡೆದ ಹೆಂಗಸನ್ನು ಅದಕ್ಕಿಂತ ಕೆಳಗಿನ ಶ್ರೇಣಿಗೆ ಸೇರಿಸುತ್ತಿದ್ದರು. ಕೆಳಗಿನ ಮೆಟ್ಟಿಲಿನಿಂದ ಹೊರಟವರು ಎಷ್ಟೇ ವೇಗವಾಗಿ ಹತ್ತಿದರೂ ಹಿಂದೆಯೇ ಉಳಿಯುತ್ತಾರೆ. ಇದು ಯಾರದೋ ಒಬ್ಬರ ಕೆಡುಕುತನವಲ್ಲ. ನಿಯಮಾವಳಿಯೇ ಹಾಗಿತ್ತು.

ಪಶ್ಚಿಮ ವಿಭಾಗದ ಗಣಕಿಯರು

ಎರಡನೆಯ ಮಹಾಯುದ್ಧ ಬಂತು. ವಿಮಾನಗಳಿಗೆ ಬೇಡಿಕೆ ಏರಿತು; ಲೆಕ್ಕ ಮಾಡುವವರು ಸಾಲದಾದರು. ಅದೇ ಸಮಯದಲ್ಲಿ ಕಪ್ಪು ಜನರ ಕಾರ್ಮಿಕ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ಅವರು, ರಕ್ಷಣಾ ಉದ್ಯಮಗಳಲ್ಲಿ ತಮ್ಮವರಿಗೂ ಕೆಲಸ ಸಿಗಬೇಕೆಂದು ರಾಜಧಾನಿಗೆ ಬೃಹತ್ ಜಾಥಾ ಹೊರಡಿಸುವುದಾಗಿ ಸಾರಿದರು. ಅಧ್ಯಕ್ಷ ರೂಸ್‌ವೆಲ್ಟ್ 1941ರ ಜೂನ್ 25ರಂದು ಆಜ್ಞೆಯೊಂದಕ್ಕೆ ಸಹಿ ಹಾಕಿ, ಆ ಉದ್ಯಮಗಳಲ್ಲಿ ವರ್ಣಭೇದ ಮಾಡಕೂಡದೆಂದು ವಿಧಿಸಿದರು. ಬಾಗಿಲು ತೆರೆಯಿತು. 1943ರಲ್ಲಿ ಲ್ಯಾಂಗ್ಲಿಗೆ ಕಪ್ಪು ಮಹಿಳಾ ಗಣಿತಜ್ಞೆಯರು ಕೆಲಸಕ್ಕೆ ಬಂದರು.

ಬಾಗಿಲು ತೆರೆದರೂ ಒಳಗೆ ಗೋಡೆಗಳಿದ್ದವು. ವರ್ಜೀನಿಯದ ಕಾನೂನಿನಂತೆ ಅವರಿಗೆ ಬೇರೆ ಕೊಠಡಿ, ಬೇರೆ ಶೌಚಾಲಯ, ಊಟದ ಮನೆಯಲ್ಲಿ ಬೇರೆ ಮೇಜು. ಆ ಮೇಜಿನ ಮೇಲೆ ಅದು ಯಾರಿಗೆಂದು ಸಾರುವ ಫಲಕ. ಮಿರಿಯಮ್ ಮ್ಯಾನ್ ಎಂಬ ಗಣಕಿ ಆ ಫಲಕವನ್ನು ಕೈಚೀಲಕ್ಕೆ ಹಾಕಿಕೊಂಡು ಹೋಗಿಬಿಡುತ್ತಿದ್ದರು. ಮತ್ತೊಂದು ಬರುತ್ತಿತ್ತು. ಅದೂ ಮಾಯವಾಗುತ್ತಿತ್ತು. ಕೊನೆಗೆ ಫಲಕ ಬರುವುದೇ ನಿಂತಿತು.

‘ಪಶ್ಚಿಮ ವಿಭಾಗ’ ಎಂದು ಕರೆಸಿಕೊಂಡ ಈ ಗುಂಪಿಗೆ 1943ರ ಡಿಸೆಂಬರಿನಲ್ಲಿ ಸೇರಿದವರು ಡೊರೊತಿ ವಾನ್. ಅದಕ್ಕೆ ಮೊದಲು ಅವರು ವರ್ಜೀನಿಯದ ಫಾರ್ಮ್‌ವಿಲ್ ಊರಿನ ಮೋಟನ್ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ಯುದ್ಧ ಮುಗಿಯುವ ತನಕದ ತಾತ್ಕಾಲಿಕ ಕೆಲಸವೆಂದುಕೊಂಡು ಬಂದವರು 28 ವರ್ಷ ಅಲ್ಲೇ ಉಳಿದರು. 1949ರಲ್ಲಿ ಆ ವಿಭಾಗದ ಮುಖ್ಯಸ್ಥೆಯಾದರು. ಇಡೀ ಎನ್‌ಎಸಿಎಯಲ್ಲಿ ಅಂಥ ಸ್ಥಾನಕ್ಕೇರಿದ ಮೊದಲ ಕಪ್ಪು ಅಧಿಕಾರಿ ಅವರು. ಯಾವ ಎಂಜಿನಿಯರಿನ ಕೆಲಸಕ್ಕೆ ಯಾರು ತಕ್ಕವರೆಂದು ತಿಳಿದು ಕಳಿಸುವುದು, ತಮ್ಮ ವಿಭಾಗದವರ ಬಡ್ತಿಗೆ, ಸಂಬಳಕ್ಕೆ ವಾದಿಸುವುದು ಅವರ ನಿತ್ಯದ ಕೆಲಸವಾಗಿತ್ತು.

ಮೇರಿ ಬಂದರು

1951ರಲ್ಲಿ ಡೊರೊತಿ ವಾನ್ ಅವರ ವಿಭಾಗಕ್ಕೆ ಸೇರಿದವರೇ ಮೇರಿ ಜಾಕ್ಸನ್. ಹುಟ್ಟಿದ್ದು ಅದೇ ಹ್ಯಾಂಪ್ಟನ್ನಿನಲ್ಲಿ, 1921ರ ಏಪ್ರಿಲ್ 9ರಂದು. 1942ರಲ್ಲಿ ಹ್ಯಾಂಪ್ಟನ್ ಇನ್‌ಸ್ಟಿಟ್ಯೂಟಿನಿಂದ ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ಪದವಿ ಪಡೆದಿದ್ದರು. ಆಮೇಲೆ ಮಾಡಿದ ಕೆಲಸಗಳ ಪಟ್ಟಿ ನೋಡಿ: ಮೇರಿಲ್ಯಾಂಡಿನಲ್ಲಿ ಒಂದು ವರ್ಷ ಗಣಿತದ ಶಿಕ್ಷಕಿ, ಊರಿಗೆ ಮರಳಿ ಸೈನಿಕರ ಮನರಂಜನಾ ಕೇಂದ್ರದಲ್ಲಿ ಸ್ವಾಗತಕಾರಿಣಿ, ತಾವು ಓದಿದ ಸಂಸ್ಥೆಯಲ್ಲೇ ಲೆಕ್ಕ ಬರೆಯುವವರು, ಮಗು ಹುಟ್ಟಿದ ಮೇಲೆ ಸೈನ್ಯದ ಕಚೇರಿಯಲ್ಲಿ ಕಾರ್ಯದರ್ಶಿ. ಎರಡು ವಿಷಯಗಳಲ್ಲಿ ಪದವಿ ಪಡೆದವರಿಗೆ ತಮ್ಮ ಓದಿಗೆ ಹೊಂದುವ ಕೆಲಸ ಸಿಗಲು ಒಂಬತ್ತು ವರ್ಷ ಬೇಕಾಯಿತು.

ಎರಡು ವರ್ಷ ಗಣಕಿಯಾಗಿ ದುಡಿದರು. ಲ್ಯಾಂಗ್ಲಿಯ ಇನ್ನೊಂದು ಭಾಗಕ್ಕೆ ಕೆಲಸದ ಮೇಲೆ ಹೋಗಿದ್ದಾಗ ಒಮ್ಮೆ ಶೌಚಾಲಯ ಎಲ್ಲಿದೆಯೆಂದು ಅಲ್ಲಿದ್ದ ಬಿಳಿಯ ಮಹಿಳೆಯರನ್ನು ಕೇಳಿದರು. ಅವರು ನಕ್ಕರು. ಕಪ್ಪು ಹೆಂಗಸರದು ಎಲ್ಲಿದೆಯೋ ತಮಗೇನು ಗೊತ್ತು ಎಂಬುದು ಆ ನಗೆಯ ಅರ್ಥ. ಕುದಿಯುತ್ತ ಹಿಂತಿರುಗುತ್ತಿದ್ದ ಮೇರಿ, ದಾರಿಯಲ್ಲಿ ಸಿಕ್ಕ ಕಾಜಿಮಿರ್ಜ್ ಜಾರ್ನೆಕಿ ಎಂಬ ಎಂಜಿನಿಯರಿನ ಮುಂದೆ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಬಿಟ್ಟರು. ಆತ ಸಮಾಧಾನದ ಮಾತಾಡಲಿಲ್ಲ. ತನ್ನ ಜೊತೆ ಕೆಲಸಕ್ಕೆ ಬರುವಂತೆ ಕರೆದರು.

ಆ ವಿಭಾಗಕ್ಕೆ ಹೋದ ಹೊಸತರಲ್ಲಿ ಇನ್ನೊಂದು ಪರೀಕ್ಷೆ ಎದುರಾಯಿತು. ಹಿರಿಯ ಅಧಿಕಾರಿ ಜಾನ್ ಬೆಕರ್ ಅವರು ಮೇರಿ ಒಪ್ಪಿಸಿದ ಲೆಕ್ಕ ತಪ್ಪೆಂದರು. ಮೇರಿ ಸರಿಯೆಂದು ಪಟ್ಟು ಹಿಡಿದರು. ಕೂತು ನೋಡಿದರೆ ತಪ್ಪಿದ್ದದ್ದು ಬೆಕರ್ ಕೊಟ್ಟಿದ್ದ ಅಂಕಿಗಳಲ್ಲಿ! ಬೆಕರ್ ಕ್ಷಮೆ ಕೇಳಿದರು. ಮುಂದೆ ಸಿಕ್ಕ ತರಬೇತಿಯ ಅವಕಾಶಕ್ಕೆ ಅಡಿಪಾಯ ಬಿದ್ದದ್ದು ಇಂಥ ದಿನಗಳಲ್ಲಿ. ತರಬೇತಿಗೆ ಯಾರನ್ನು ಕಳಿಸಬೇಕು ಎಂಬ ಪ್ರಶ್ನೆಗೆ ಉತ್ತರ, ಹಿಂದಿನ ಎಷ್ಟೋ ದಿನಗಳ ಸಾಮಾನ್ಯ ಕೆಲಸದಲ್ಲಿ ಸಿದ್ಧವಾಗಿರುತ್ತದೆ.

ಊದುಬತ್ತಿಯ ಹೊಗೆ ಮತ್ತು ರಾಕೆಟ್ಟಿನ ಮೂತಿ

ಜಾರ್ನೆಕಿ ಕೆಲಸ ಮಾಡುತ್ತಿದ್ದದ್ದು ಶಬ್ದಾತೀತ ವೇಗದ ಗಾಳಿ ಸುರಂಗವೊಂದರಲ್ಲಿ. ಮಾದರಿಯನ್ನಿಡುವ ಭಾಗದ ಅಳತೆ 4 ಅಡಿಗೆ 4 ಅಡಿ. ಗಾಳಿಯನ್ನು ನೂಕಲು 60,000 ಅಶ್ವಸಾಮರ್ಥ್ಯ, ಅಂದರೆ ಸುಮಾರು 45 ಮೆಗಾವಾಟ್. ಶಬ್ದದ ವೇಗಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ವೇಗದ ಗಾಳಿಯನ್ನು ಅದು ಮಾದರಿಯ ಮೇಲೆ ಹಾಯಿಸುತ್ತಿತ್ತು.

ಗಾಳಿ ಸುರಂಗದ ತತ್ತ್ವ ಸರಳ. ಗಾಳಿಯಲ್ಲಿ ವಿಮಾನ ಚಲಿಸುವುದಕ್ಕೂ, ನಿಂತ ವಿಮಾನದ ಮೇಲೆ ಅದೇ ವೇಗದಲ್ಲಿ ಗಾಳಿ ಹಾಯುವುದಕ್ಕೂ ಬಲಗಳ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಮಾದರಿಯನ್ನು ಕದಲದಂತೆ ಹಿಡಿದರೆ ಅಳತೆ ಸುಲಭ. ಅಳೆಯಬೇಕಾದ ಸಂಗತಿಯೇನು? ಅದಕ್ಕೆ ನಿಮ್ಮ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಗಾಳಿಯಾಡದ ಕೋಣೆಯಲ್ಲಿ ಊದುಬತ್ತಿ ಹಚ್ಚಿಡಿ. ತುದಿಯಿಂದ ಸ್ವಲ್ಪ ಎತ್ತರದವರೆಗೆ ಹೊಗೆ ನೂಲಿನಂತೆ ನೇರವಾಗಿ ಏರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಸುರುಳಿ ಸುತ್ತಿ ಚದರುತ್ತದೆ. ಮೊದಲಿನದು ಪದರ ಪದರವಾದ ಶಾಂತ ಪ್ರವಾಹ, ಎರಡನೆಯದು ಪ್ರಕ್ಷುಬ್ಧ ಪ್ರವಾಹ.

ಹಾರುವ ವಸ್ತುವಿನ ಮೈಗೆ ಅಂಟಿಕೊಂಡಂತೆ ಗಾಳಿಯ ತೆಳುವಾದ ಒಂದು ಪದರ ಇರುತ್ತದೆ. ಇದನ್ನು ಸೀಮಾಪದರ ಎನ್ನುತ್ತಾರೆ. 1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟಲ್ ಈ ಕಲ್ಪನೆಯನ್ನು ಮಂಡಿಸಿದರು. ಆ ಪದರವೂ ಊದುಬತ್ತಿಯ ಹೊಗೆಯಂತೆ ಮುಂದಿನ ತುದಿಯಲ್ಲಿ ಶಾಂತವಾಗಿದ್ದು, ಹಿಂದೆ ಹೋದಂತೆ ಒಂದು ಕಡೆ ಪ್ರಕ್ಷುಬ್ಧವಾಗುತ್ತದೆ. ಹಾಗಾದ ಕಡೆಯಿಂದ ಮೈ ಮೇಲಿನ ಘರ್ಷಣೆಯೂ ಕಾವೂ ಹೆಚ್ಚುತ್ತವೆ. ಶಬ್ದವನ್ನು ಮೀರಿದ ವೇಗದಲ್ಲಿ ಇದು ಸಣ್ಣ ವಿಷಯವಲ್ಲ. ಪರಿವರ್ತನೆ ಎಲ್ಲಿ ಆಗುತ್ತದೆ? ಮೂತಿಯ ಶಂಕುವಿನ ಕೋನ ಬದಲಾದರೆ ಅದು ಮುಂದೆ ಸರಿಯುತ್ತದೆಯೆ, ಹಿಂದಕ್ಕೆ ಹೋಗುತ್ತದೆಯೆ? ವೇಗಕ್ಕೂ ಅದಕ್ಕೂ ಸಂಬಂಧವೇನು? ಇವೇ ಮೇರಿ ಜಾಕ್ಸನ್ ಮತ್ತು ಜಾರ್ನೆಕಿ ಕೈಗೆತ್ತಿಕೊಂಡ ಪ್ರಶ್ನೆಗಳು.

ಅದುವರೆಗೆ ಬೇರೆಯವರು ಅಳೆದು ತಂದ ಅಂಕಿಗಳನ್ನು ಲೆಕ್ಕ ಹಾಕುತ್ತಿದ್ದ ಮೇರಿ ಈಗ ಪ್ರಯೋಗಗಳಲ್ಲಿ ತಾವೇ ಕೈ ಹಾಕಿದರು. ಅಂಕಿ ಎಲ್ಲಿಂದ ಬರುತ್ತದೆಂದು ಕಂಡರು. ಸ್ವಲ್ಪ ಕಾಲದ ಮೇಲೆ ಜಾರ್ನೆಕಿ ಇನ್ನೊಂದು ಸಲಹೆ ಕೊಟ್ಟರು: ಲ್ಯಾಂಗ್ಲಿಯಲ್ಲಿ ಒಂದು ತರಬೇತಿ ಕಾರ್ಯಕ್ರಮವಿದೆ, ಅದನ್ನು ಮುಗಿಸಿದರೆ ಗಣಿತಜ್ಞೆಯ ಹುದ್ದೆಯಿಂದ ಎಂಜಿನಿಯರಿನ ಹುದ್ದೆಗೆ ಬಡ್ತಿ ಸಿಗುತ್ತದೆ, ಸೇರಿಕೊಳ್ಳಿ.

ಬೀಗ ಹಾಕಿದ ಶಾಲೆ

ತರಬೇತಿಯ ವ್ಯವಸ್ಥೆ ಹೀಗಿತ್ತು. ಹಗಲು ಕೆಲಸ, ಕೆಲಸ ಮುಗಿದ ಮೇಲೆ ಗಣಿತ ಮತ್ತು ಭೌತವಿಜ್ಞಾನದ ಸ್ನಾತಕೋತ್ತರ ಮಟ್ಟದ ಪಾಠಗಳು. ಪಾಠಗಳ ಹೊಣೆ ವರ್ಜೀನಿಯ ವಿಶ್ವವಿದ್ಯಾಲಯದ್ದು. ತರಗತಿ ನಡೆಯುತ್ತಿದ್ದದ್ದು ಹ್ಯಾಂಪ್ಟನ್ ಪ್ರೌಢಶಾಲೆಯ ಕಟ್ಟಡದಲ್ಲಿ. ಆ ಶಾಲೆಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅದೇ ಊರಿನಲ್ಲಿ ಹುಟ್ಟಿದ ಮೇರಿ ಓದಿದ್ದದ್ದು ಕಪ್ಪು ಮಕ್ಕಳ ಬೇರೆ ಶಾಲೆಯಲ್ಲಿ.

ಶಾಲೆಗಳಲ್ಲಿ ವರ್ಣಭೇದ ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರ ಮೇ 17ರಂದೇ ತೀರ್ಪು ಕೊಟ್ಟಿತ್ತಲ್ಲ ಎಂದು ನೀವು ಕೇಳಬಹುದು. ತೀರ್ಪು ಬಂದಿತ್ತು, ಶಾಲೆಯ ಬಾಗಿಲು ತೆರೆದಿರಲಿಲ್ಲ. ವರ್ಜೀನಿಯದ ಆಳುವವರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಡೊರೊತಿ ವಾನ್ ಪಾಠ ಹೇಳಿದ್ದ ಮೋಟನ್ ಶಾಲೆಯನ್ನೇ ನೋಡಿ. 1951ರಲ್ಲಿ ಅಲ್ಲಿನ ವಿದ್ಯಾರ್ಥಿಗಳು, 16ರ ಹರೆಯದ ಬಾರ್ಬರಾ ಜಾನ್ಸ್ ಮುಂದಾಳುತನದಲ್ಲಿ, ತಮ್ಮ ಶಾಲೆಯ ದುಃಸ್ಥಿತಿಯನ್ನು ವಿರೋಧಿಸಿ ತರಗತಿ ಬಿಟ್ಟು ಹೊರಬಂದಿದ್ದರು. ಅವರ ಮೊಕದ್ದಮೆಯೂ 1954ರ ತೀರ್ಪಿನಲ್ಲಿ ಸೇರಿತ್ತು. ಆದರೆ ಕಪ್ಪು ಬಿಳಿಯ ಮಕ್ಕಳನ್ನು ಜೊತೆಗೆ ಕೂರಿಸುವುದಕ್ಕಿಂತ ಶಾಲೆ ಮುಚ್ಚುವುದೇ ಲೇಸೆಂದು ಆ ಕೌಂಟಿಯ ಆಡಳಿತ 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳಿಗೆ ಬೀಗ ಹಾಕಿತು!

ಇಂಥ ವಾತಾವರಣದಲ್ಲಿ ಮೇರಿ ಹ್ಯಾಂಪ್ಟನ್ ನಗರಾಡಳಿತಕ್ಕೆ ಅರ್ಜಿ ಹಾಕಿದರು. ಬಿಳಿಯ ಸಹೋದ್ಯೋಗಿಗಳ ಜೊತೆ ಕೂತು ಕಲಿಯಲು ವಿಶೇಷ ಅನುಮತಿ ಬೇಕೆಂದು ಕೇಳಿದರು. ಅನುಮತಿ ಸಿಕ್ಕಿತು. 2016ರಲ್ಲಿ ತೆರೆಕಂಡ ‘ಹಿಡನ್ ಫಿಗರ್ಸ್’ ಚಲನಚಿತ್ರವನ್ನು ನೀವು ನೋಡಿದ್ದರೆ, ಅದರಲ್ಲಿ ಮೇರಿ ನ್ಯಾಯಾಧೀಶರ ಮುಂದೆ ವಾದಿಸುವ ದೃಶ್ಯ ನೆನಪಿರಬಹುದು. ಅದು ಚಿತ್ರಕ್ಕಾಗಿ ಕಟ್ಟಿದ್ದು. ನಿಜದಲ್ಲಿ ನಡೆದದ್ದು ಅಷ್ಟು ಭರ್ಜರಿಯಾಗಿರಲಿಲ್ಲ. ಅವಮಾನ ಮಾತ್ರ ಅದಕ್ಕಿಂತ ಕಡಿಮೆಯದಲ್ಲ. ತನ್ನದೇ ಊರಿನ ಶಾಲೆಯೊಳಕ್ಕೆ, ತನ್ನದೇ ಕಚೇರಿಯ ತರಬೇತಿಗೆ ಹೋಗಲು ಅರ್ಜಿ!

ಬಾಗಿಲು ದಾಟಿ ಒಳಹೊಕ್ಕ ಮೇರಿಗೆ ಕಂಡದ್ದು ಹಳೆಯದಾದ, ಮುಗ್ಗಲು ಹಿಡಿದ ಕಟ್ಟಡ. ಇಷ್ಟು ವರ್ಷ ತಮ್ಮವರಿಂದ ದೂರವಿಟ್ಟದ್ದು ಇದನ್ನೇ ಎಂದು ಅವರಿಗೆ ಬೆರಗಾಯಿತಂತೆ. ಭೇದಭಾವ ಒಂದು ಜನಾಂಗವನ್ನು ಮಾತ್ರ ಬಡವಾಗಿಸುವುದಿಲ್ಲ. ಒಂದೇ ಊರಿಗೆ ಎರಡೆರಡು ಶಾಲೆ ಕಟ್ಟಿದ ಸಮಾಜ ಎರಡನ್ನೂ ಚೆನ್ನಾಗಿ ಕಟ್ಟಲಾರದೆ ಹೋಗುತ್ತದೆ.

1956ರಲ್ಲಿ ಪಾಠಗಳು ಶುರುವಾದವು. ಆಗ ಮೇರಿಗೆ 35 ವರ್ಷ, ಇಬ್ಬರು ಚಿಕ್ಕ ಮಕ್ಕಳು. ಹಗಲು ಸುರಂಗದ ಗದ್ದಲ, ಸಂಜೆ ಅವಕಲ ಸಮೀಕರಣಗಳು, ನಡುವೆ ಮನೆ. ಪಾಠದಲ್ಲಿ ಕಲಿತ ಸೂತ್ರ ಮರುದಿನ ಬೆಳಿಗ್ಗೆ ಸುರಂಗದ ಅಂಕಿಗಳಲ್ಲಿ ಕಾಣುತ್ತಿತ್ತು. ಸುರಂಗದಲ್ಲಿ ಎದ್ದ ಸಂದೇಹವನ್ನು ಸಂಜೆ ತರಗತಿಗೆ ಒಯ್ಯಬಹುದಿತ್ತು. ಉದ್ಯೋಗದ ಜೊತೆಗಿನ ಕಲಿಕೆಗೆ ಕಾಲೇಜಿನ ಕಲಿಕೆಗಿಲ್ಲದ ಅನುಕೂಲವೆಂದರೆ ಇದೇ.

1958ರಲ್ಲಿ ಎರಡು ಸಂಗತಿಗಳು ಕೂಡಿಬಂದವು. ಮೇರಿ ಜಾಕ್ಸನ್ ಬಡ್ತಿ ಪಡೆದು ನಾಸಾದ ಮೊದಲ ಕಪ್ಪು ಮಹಿಳಾ ಎಂಜಿನಿಯರ್ ಆದರು. ಶಂಕುವಿನ ಮೂತಿಯ ಕೋನ ಮತ್ತು ಮ್ಯಾಕ್ ಸಂಖ್ಯೆಗಳು ಸೀಮಾಪದರದ ಪರಿವರ್ತನೆಯ ಮೇಲೆ ಬೀರುವ ಪರಿಣಾಮವನ್ನು ಕುರಿತ ವರದಿ ಜಾರ್ನೆಕಿಯವರ ಹೆಸರಿನ ಜೊತೆ ಮೇರಿಯ ಹೆಸರನ್ನೂ ಹೊತ್ತು ಪ್ರಕಟವಾಯಿತು. ಮ್ಯಾಕ್ ಸಂಖ್ಯೆ ಎಂದರೆ ವಸ್ತುವಿನ ವೇಗ ಶಬ್ದದ ವೇಗದ ಎಷ್ಟು ಪಟ್ಟು ಎಂಬುದು. ಮುಂದಿನ ಎರಡು ದಶಕಗಳಲ್ಲಿ ಮೇರಿ ಸುಮಾರು ಒಂದು ಡಜನ್ ಸಂಶೋಧನಾ ವರದಿಗಳಿಗೆ ಲೇಖಕಿಯೋ ಸಹಲೇಖಕಿಯೋ ಆದರು.

ಯಂತ್ರ ಬಂದಾಗ

ಅದೇ ವರ್ಷ ಪಶ್ಚಿಮ ವಿಭಾಗದ ಪ್ರತ್ಯೇಕ ಕಚೇರಿಯನ್ನು ಮುಚ್ಚಿದರು. ನಾಸಾದಲ್ಲಿ ವರ್ಣಭೇದದ ಪ್ರತ್ಯೇಕ ಕಚೇರಿಗಳಿಗೆ ಜಾಗವಿರಲಿಲ್ಲ. ಒಳ್ಳೆಯದೇ. ಆದರೆ ಅದರೊಂದಿಗೆ ಡೊರೊತಿ ವಾನ್ ಅವರ ಮುಖ್ಯಸ್ಥೆಯ ಹುದ್ದೆಯೂ ಹೋಯಿತು. ಇನ್ನೊಂದು ಕಡೆಯಿಂದ ಐಬಿಎಂ ಕಂಪನಿಯ ವಿದ್ಯುನ್ಮಾನ ಕಂಪ್ಯೂಟರುಗಳು ಲ್ಯಾಂಗ್ಲಿಗೆ ಬಂದಿದ್ದವು. ಕಂಪ್ಯೂಟರ್ ಎಂಬ ಹುದ್ದೆಯ ಹೆಸರನ್ನು ಯಂತ್ರ ಕಿತ್ತುಕೊಂಡಿತು; ಕೆಲಸವನ್ನೂ ಕಿತ್ತುಕೊಳ್ಳುವುದರಲ್ಲಿತ್ತು.

ಡೊರೊತಿಗೆ ಆಗ 50ರ ಹತ್ತಿರ ವಯಸ್ಸು. ಇನ್ನೇಕೆ ಕಲಿಯುವುದು ಎನ್ನಬಹುದಾದ ವಯಸ್ಸು ಅಲ್ಲವೆ? ಅವರು ಹಾಗೆನ್ನಲಿಲ್ಲ. ಯಂತ್ರಕ್ಕೆ ಕೆಲಸ ಹೇಳುವವರು ಬೇಕಲ್ಲ, ಅವರೇ ನಾವಾಗೋಣ ಎಂದು ಹೊರಟರು. 1957ರಲ್ಲಿ ಐಬಿಎಂ ಬಿಡುಗಡೆ ಮಾಡಿದ್ದ ‘ಫೋರ್ಟ್ರಾನ್’ ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿತರು. ತಮ್ಮ ಜೊತೆಯವರಿಗೂ ಕಲಿಯುವಂತೆ ಒತ್ತಾಸೆ ಕೊಟ್ಟರು. ಹೊಸ ಗಣನ ವಿಭಾಗದಲ್ಲಿ ನುರಿತ ಪ್ರೋಗ್ರಾಮರ್ ಆಗಿ ದುಡಿದು, ಸ್ಕೌಟ್ ಎಂಬ ಉಪಗ್ರಹ ಉಡಾವಣಾ ರಾಕೆಟ್ಟಿನ ಯೋಜನೆಗೂ ನೆರವಾದರು.

ಇಷ್ಟಾದರೂ ಒಂದು ಮಾತನ್ನು ಮುಚ್ಚಿಡಬಾರದು. ಮತ್ತೆ ಮುಖ್ಯಸ್ಥೆಯ ಸ್ಥಾನ ಬೇಕೆಂದು ಡೊರೊತಿ ಬಯಸಿದರು. ಅದು ಸಿಗಲಿಲ್ಲ. 1971ರಲ್ಲಿ ನಿವೃತ್ತರಾಗುವವರೆಗೂ ಸಿಗಲಿಲ್ಲ. ಕಲಿತದ್ದು ಅವರನ್ನು ಕೆಲಸದಲ್ಲಿ ಉಳಿಸಿತು, ಕೆಲಸದಲ್ಲಿ ಗೌರವ ತಂದಿತು. ಅರ್ಹವಾದ ಸ್ಥಾನವನ್ನು ಮಾತ್ರ ಕೊಡಲಿಲ್ಲ.

ಏಣಿಯನ್ನು ಹಿಡಿದು ನಿಂತವರು

ಮೇರಿಗೂ ಅದೇ ಅನುಭವ. 1970ರ ದಶಕದ ಹೊತ್ತಿಗೆ ಅವರು ಎಂಜಿನಿಯರಾಗಿ ಏರಬಹುದಾದಷ್ಟು ಏರಿದ್ದರು. ಅದರ ಮೇಲಿನ ಆಡಳಿತದ ಹುದ್ದೆಗಳು ಕೈಗೆಟುಕಲಿಲ್ಲ. 1979ರಲ್ಲಿ ಅವರು ತೆಗೆದುಕೊಂಡ ನಿರ್ಧಾರ ಹಲವರಿಗೆ ವಿಚಿತ್ರವಾಗಿ ಕಂಡಿರಬೇಕು. ಎಂಜಿನಿಯರಿಂಗ್ ಬಿಟ್ಟು, ಕೆಳಗಿನ ದರ್ಜೆಗೆ ಇಳಿದು, ಲ್ಯಾಂಗ್ಲಿಯ ಮಹಿಳಾ ಉದ್ಯೋಗಿಗಳ ಏಳಿಗೆಯ ಕಾರ್ಯಕ್ರಮಕ್ಕೆ ವ್ಯವಸ್ಥಾಪಕಿಯಾದರು. ಒಮ್ಮೆ ಏಣಿ ಹತ್ತಿದವರು ಈಗ ಇನ್ನೊಬ್ಬರು ಹತ್ತಲೆಂದು ಏಣಿ ಹಿಡಿದು ನಿಂತರು.

ಅಲ್ಲಿ ಅವರು ಕಂಡುಕೊಂಡದ್ದು ನಮಗೆಲ್ಲ ಉಪಯುಕ್ತ. ಚೆನ್ನಾಗಿ ದುಡಿಯುವ ಮಹಿಳೆಯರೂ ಬಡ್ತಿಯಿಲ್ಲದೆ ಏಕೆ ಹಿಂದುಳಿಯುತ್ತಾರೆ? ಕೆಲವು ಸಲ ಕಾರಣ ಬಲು ಚಿಕ್ಕದು. ನಿಯಮದಂತೆ ಮುಗಿಸಬೇಕಾಗಿದ್ದ ಒಂದೆರಡು ಪಾಠಗಳನ್ನು ಅವರು ಓದಿರುತ್ತಿರಲಿಲ್ಲ. ಓದಬೇಕೆಂದು ಯಾರೂ ಹೇಳಿರುತ್ತಿರಲಿಲ್ಲ. ಕೆಲವು ಸಲ ಕೂತ ಜಾಗ ಕಾರಣ, ಕೆಲವು ಸಲ ವಹಿಸಿದ ಕೆಲಸವೇ ಕಣ್ಣಿಗೆ ಬೀಳದಂಥದು. ಉಳಿದದ್ದು ಹಳೆಯ ಪೂರ್ವಗ್ರಹ. ಮೊದಲಿನ ಮೂರನ್ನು ತಿಳಿವಳಿಕೆ ಹೇಳಿ ಸರಿಪಡಿಸಬಹುದು. ನಾಲ್ಕನೆಯದಕ್ಕೆ ಸಂಸ್ಥೆಯೇ ಬದಲಾಗಬೇಕು. ಮೇರಿ ಎರಡೂ ಕಡೆ ಕೆಲಸ ಮಾಡಿ 1985ರಲ್ಲಿ ನಿವೃತ್ತರಾದರು.

ಹ್ಯಾಂಪ್ಟನ್ನಿಗೆ ಬಂದ ಇನ್ನೊಬ್ಬ ಕಲಿಕಾರ್ಥಿ

ಈ ಕಥೆಗೂ ನಮಗೂ ಒಂದು ಎಳೆಯ ನಂಟಿದೆ. 1963ರಲ್ಲಿ, ಮೇರಿ ಜಾಕ್ಸನ್ ಎಂಜಿನಿಯರಾಗಿ ದುಡಿಯುತ್ತಿದ್ದ ಕಾಲದಲ್ಲೇ, ಲ್ಯಾಂಗ್ಲಿಗೆ ಭಾರತದಿಂದ ತರಬೇತಿಗೆಂದು ಒಬ್ಬ ಯುವ ಎಂಜಿನಿಯರ್ ಬಂದರು. ಅವರು ಎ.ಪಿ.ಜೆ. ಅಬ್ದುಲ್ ಕಲಾಂ. ಮದ್ರಾಸಿನಲ್ಲಿ ಓದು ಮುಗಿಸಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತರಬೇತಿ ಪಡೆಯುತ್ತ ವಿಮಾನದ ಎಂಜಿನುಗಳನ್ನು ಬಿಚ್ಚಿ ಜೋಡಿಸಿದವರು. ಬೆಂಗಳೂರಿನಲ್ಲೇ ರಕ್ಷಣಾ ಇಲಾಖೆಯ ವಿಮಾನ ಸಂಶೋಧನಾ ಸಂಸ್ಥೆಯಲ್ಲಿದ್ದು ‘ನಂದಿ’ ಎಂಬ ಹೋವರ್‌ಕ್ರಾಫ್ಟ್ ನಿರ್ಮಿಸಿದವರು. ನಾಸಾದಲ್ಲಿ ಅವರ ಆರು ತಿಂಗಳ ತರಬೇತಿ ಲ್ಯಾಂಗ್ಲಿಯಿಂದ ಶುರುವಾಗಿ, ಗಾಡರ್ಡ್ ಕೇಂದ್ರದ ಮೂಲಕ ವಾಲಪ್ಸ್ ದ್ವೀಪದ ರಾಕೆಟ್ ಉಡಾವಣಾ ನೆಲೆಯಲ್ಲಿ ಮುಗಿಯಿತು. ಆ ನೆಲೆಯನ್ನು 1945ರಲ್ಲಿ ಸ್ಥಾಪಿಸಿದ್ದೂ ಲ್ಯಾಂಗ್ಲಿಯೇ.

ವಾಲಪ್ಸಿನ ಸ್ವಾಗತ ಕೋಣೆಯಲ್ಲಿ ತೂಗುಹಾಕಿದ್ದ ಚಿತ್ರವೊಂದನ್ನು ಕಂಡು ಬೆರಗಾದುದನ್ನು ಕಲಾಂ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬ್ರಿಟಿಷರ ಮೇಲೆ ರಾಕೆಟ್ ಹಾರಿಸುತ್ತಿರುವ ಟಿಪ್ಪು ಸುಲ್ತಾನನ ಸೈನಿಕರ ಚಿತ್ರ ಅದು! ಮೈಸೂರಿನ ರಾಕೆಟ್ಟಿನ ನೆನಪನ್ನು ದೂರದ ವರ್ಜೀನಿಯದ ಗೋಡೆ ಉಳಿಸಿಕೊಂಡಿತ್ತು. ಕಲಾಂ ಮರಳಿದ ಸ್ವಲ್ಪದರಲ್ಲೇ, 1963ರ ನವೆಂಬರ್ 21ರಂದು, ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಭಾರತದ ನೆಲದ ಮೊದಲ ಸಂಶೋಧನಾ ರಾಕೆಟ್ ಮೇಲೇರಿತು. ಆ ರಾಕೆಟ್ ಅಮೆರಿಕದ್ದು. ಅದನ್ನು ಜೋಡಿಸಿ ಹಾರಿಸಿದವರು ಅಲ್ಲಿ ಕಲಿತು ಬಂದವರು.

ಮೇರಿ ಮತ್ತು ಕಲಾಂ ಅವರ ಹಿನ್ನೆಲೆ ಬೇರೆ ಬೇರೆ. ಇಬ್ಬರಲ್ಲೂ ಒಂದೇ ಗುಣ ಕಾಣುತ್ತದೆ: ತರಬೇತಿಗೆ ಹೋಗುವಾಗ ಕೈಯಲ್ಲಿ ನಿಜವಾದ ಕೆಲಸವೊಂದಿತ್ತು, ಬರುವಾಗ ಅದೇ ಕೆಲಸಕ್ಕೆ ಕಲಿತದ್ದನ್ನು ಹಚ್ಚಿದರು.

ನಿಮ್ಮ ಸರದಿ

ಮುಂದಿನ ಸಲ ತರಬೇತಿಯ ಸುತ್ತೋಲೆ ಬಂದಾಗ ನಿಮ್ಮನ್ನು ನೀವೇ ಕೆಲವು ಪ್ರಶ್ನೆ ಕೇಳಿಕೊಳ್ಳಿ. ನನ್ನ ಕೆಲಸದಲ್ಲಿ ಬಗೆಹರಿಯದೆ ಉಳಿದ ಯಾವ ಪ್ರಶ್ನೆಯನ್ನು ಅಲ್ಲಿಗೆ ಒಯ್ಯುತ್ತೇನೆ? ಮೇಲಿನ ಹುದ್ದೆಗೆ ಬೇಕೆಂದು ನಿಯಮ ಹೇಳುವ ಅರ್ಹತೆಗಳಲ್ಲಿ ನನಗಿಲ್ಲದ್ದು ಯಾವುದು? ಬಾಯಿಮಾತು ನಂಬದೆ ನಿಯಮದ ಪುಸ್ತಕವನ್ನೇ ತೆರೆದು ನೋಡಿದ್ದೇನೆಯೆ? ನನ್ನ ಕೆಲಸವನ್ನು ಹತ್ತಿರದಿಂದ ಕಂಡು ನನ್ನ ಪರವಾಗಿ ಒಂದು ಮಾತು ಹೇಳಬಲ್ಲ ಹಿರಿಯರು ಯಾರು? ಬಾಗಿಲು ಮುಚ್ಚಿದ್ದರೆ ಅಪ್ಪಣೆ ಕೇಳಿದ್ದೇನೆಯೆ, ಅಥವಾ ಕೇಳುವ ಮೊದಲೇ ಹಿಂತಿರುಗಿದ್ದೇನೆಯೆ? ಕಲಿತು ಬಂದ ಮೇಲೆ ಯಾರಿಗೆ ಹೇಳಿಕೊಡುತ್ತೇನೆ?

ನೀವು ಶಾಲೆಯ ಮುಖ್ಯಸ್ಥರೋ ವಿಭಾಗದ ಮುಖ್ಯಸ್ಥರೋ ಆಗಿದ್ದರೆ ಪ್ರಶ್ನೆ ಬೇರೆ. ತರಬೇತಿಗೆ ಪ್ರತಿ ಸಲವೂ ಹೋಗುವವರು ಅದೇ ನಾಲ್ವರೆ? ಸಂಜೆ ನಡೆಯುವ ತರಗತಿಗೆ, ದೂರದೂರಿನ ಶಿಬಿರಕ್ಕೆ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಬರಲಾಗುತ್ತದೆಯೆ? ಕಲಿತು ಬಂದವರಿಗೆ ಕಲಿತದ್ದನ್ನು ಬಳಸುವ ಕೆಲಸ ಕೊಡುತ್ತೀರಾ, ಹಳೆಯ ಮೇಜಿಗೇ ಕೂರಿಸುತ್ತೀರಾ? ಜಾರ್ನೆಕಿಯಂಥವರು ಒಬ್ಬರಿಲ್ಲದಿದ್ದರೆ ಮೇರಿ ಕೊನೆಯವರೆಗೂ ಗಣಕಿಯಾಗಿಯೇ ಉಳಿಯುತ್ತಿದ್ದರೇನೋ. ಬಾಗಿಲನ್ನು ಯೋಗ್ಯರಾದ ಎಲ್ಲರಿಗೂ ತೆರೆದಿಡದಿದ್ದರೆ ನಷ್ಟ ಸಂಸ್ಥೆಗೇ.

ಮೇರಿ ಜಾಕ್ಸನ್ 2005ರ ಫೆಬ್ರವರಿ 11ರಂದು ತೀರಿಕೊಂಡರು. 2021ರಲ್ಲಿ ವಾಷಿಂಗ್ಟನ್ನಿನ ನಾಸಾ ಪ್ರಧಾನ ಕಚೇರಿಗೆ ಅವರ ಹೆಸರನ್ನಿಟ್ಟರು. ಶಾಲೆಯ ಕಟ್ಟಡದೊಳಕ್ಕೆ ಹೋಗಲು ಅಪ್ಪಣೆ ಬೇಡಿದವರ ಹೆಸರು ಈಗ ಒಂದು ಕಟ್ಟಡದ ನೆತ್ತಿಯ ಮೇಲಿದೆ.

ಅದಕ್ಕಿಂತ ನೆನಪಿಡಬೇಕಾದ ಚಿತ್ರ ಇನ್ನೊಂದಿದೆ. 1970ರ ದಶಕದಲ್ಲಿ ಹ್ಯಾಂಪ್ಟನ್ನಿನ ಸಮುದಾಯ ಕೇಂದ್ರವೊಂದರ ವಿಜ್ಞಾನ ಸಂಘದ ಮಕ್ಕಳು ಮೇರಿಯ ನೆರವಿ­ನಿಂದ ತಾವೇ ಒಂದು ಗಾಳಿ ಸುರಂಗವನ್ನು ಕಟ್ಟಿ ಪ್ರಯೋಗ ಮಾಡಿದರು. ನಿಮ್ಮ ಶಾಲೆಯ ವಿಜ್ಞಾನ ಸಂಘದಲ್ಲೂ ಇದು ಸಾಧ್ಯ. ಎರಡೂ ತುದಿ ತೆರೆದ ಉದ್ದನೆಯ ರಟ್ಟಿನ ಪೆಟ್ಟಿಗೆ, ಒಂದು ತುದಿಯಲ್ಲಿ ಗಾಳಿಯನ್ನು ಹೊರಕ್ಕೆ ಎಳೆಯುವಂತಿಟ್ಟ ಮೇಜಿನ ಫ್ಯಾನು, ಇನ್ನೊಂದು ತುದಿಯಲ್ಲಿ ಗಾಳಿಯನ್ನು ನೇರಗೊಳಿಸಲು ಒತ್ತಾಗಿ ಜೋಡಿಸಿದ ಸ್ಟ್ರಾಗಳು, ನೋಡಲು ಪಾರದರ್ಶಕ ಹಾಳೆಯ ಕಿಟಕಿ. ಸ್ಟ್ರಾಗಳ ಮುಂದೆ ಸ್ವಲ್ಪ ದೂರದಲ್ಲಿ ಹೊರಗಡೆ ಹಿಡಿದ ಊದುಬತ್ತಿಯ ಹೊಗೆ ಒಳಕ್ಕೆ ಹರಿಯಲಿ. ನಡುವೆ ಮಣ್ಣಿನಿಂದ ಮಾಡಿದ ಶಂಕು, ಗೋಲ, ಘನಗಳನ್ನು ಒಂದೊಂದಾಗಿ ಇಡಿ. ಹೊಗೆ ಯಾವುದರ ಹಿಂದೆ ಶಾಂತವಾಗಿದೆ, ಯಾವುದರ ಹಿಂದೆ ಕದಡುತ್ತದೆ ಎಂದು ಮಕ್ಕಳೇ ನೋಡಿ ಬರೆಯಲಿ. ಅಳತೆ ಪುಸ್ತಕವನ್ನು ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುವ, ಇದುವರೆಗೆ ಬಾಯಿ ತೆರೆಯದ ಹುಡುಗಿಯ ಕೈಗೆ ಕೊಡಿ.